ನಿಮಗಿದು ಗೊತ್ತೇ? ಗಾಲಿ ಮೇಲೆ ಮನೆ, ಹೊಟ್ಟೆಯೊಳಗೆ ಮೂರು ಟಾಕಿ

ಕ್ಯಾರವಾನ್ ಅಂದರೆ ಹಾಸಿಗೆ, ಒಲೆ, ಕಿಟಕಿಗೆ ಚೆಂದದ ಪರದೆ ಇರುವ ಬಸ್ಸು ಎಂದು ಜಾಹೀರಾತು ಹೇಳುತ್ತದೆ. ಅದು ಹೇಳದೆ ಬಿಡುವುದು ಗಾಡಿಯ ಹೊಟ್ಟೆಯೊಳಗಿನ ಮೂರು ಟಾಕಿಗಳ ಸಂಗತಿ. ಒಂದರಲ್ಲಿ ಚೊಕ್ಕ ನೀರು. ಎರಡನೆಯದರಲ್ಲಿ ಮೈ, ಪಾತ್ರೆ ತೊಳೆದ ನೀರು. ಅದಕ್ಕೆ ಬೂದು ನೀರು ಅನ್ನುತ್ತಾರೆ. ಮೂರನೆಯದು ಸಂಡಾಸಿನದು, ಅಂದರೆ ಕಪ್ಪು ನೀರು. ಕಲಬುರಗಿಯ ದೊಡ್ಡ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಸಂತೆ-ಸಾಮಾನು ತುಂಬಿಕೊಂಡು ಕಮಲಾಪುರದ ಕಡೆ ಹೊರಟ ಗಾಡಿಯೊಂದಿದೆ ಅಂದುಕೊಳ್ಳಿ. ಅದರ ಇಂಜಿನ್ನಿಗಿಂತ ಹೆಚ್ಚು ತಲೆ ತಿನ್ನುವುದು ಈ ಮೂರು ಟಾಕಿಗಳೇ.

ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಇದು ಶಾಲೆಯಲ್ಲಿ ಕಲಿತದ್ದೇ. ಆದರೆ 150 ಲೀಟರ್ ಟಾಕಿ ತುಂಬಿಸಿದಾಗ ಇಬ್ಬರು ಪೂರಾ ಆಳು ಟಿಕೆಟ್ ಇಲ್ಲದೆ ಹತ್ತಿ ಕೂತ ಹಾಗೆ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಅವರಿಗೂ ಡೀಸೆಲ್ ಸುಡಬೇಕು. ಹೋಗುವ ಊರಲ್ಲಿ ಒಳ್ಳೆಯ ನೀರು ಸಿಗುತ್ತದೆ ಎಂದು ಖಾತ್ರಿ ಇದ್ದರೆ ಅರ್ಧ ಟಾಕಿಯಲ್ಲಿ ಹೊರಡುವುದೇ ಜಾಣತನ.

ಹಾಗೆ ಹೊರಟರೂ ಒಂದು ತೊಡಕಿದೆ. ಪೂರ್ತಿ ತುಂಬಿದ ಟಾಕಿ ಸುಮ್ಮನಿರುತ್ತದೆ, ಖಾಲಿಯದೂ ಸುಮ್ಮನಿರುತ್ತದೆ. ತಿರುವಿನಲ್ಲಿ ಗಾಡಿಯನ್ನು ಎಳೆದಾಡುವುದು ಅರ್ಧ ತುಂಬಿದ್ದು. ಒಳಗಿನ ನೀರು ಒಂದು ಕಡೆಗೆ ನುಗ್ಗಿ, ಗೋಡೆಗೆ ಬಡಿದು, ಮತ್ತೆ ಮರಳುತ್ತದೆ. ಅದಕ್ಕೇ ದೊಡ್ಡ ಟಾಕಿಗಳ ಒಳಗೆ ತೂತುಗಳಿರುವ ಅಡ್ಡಗೋಡೆ ಕೊಟ್ಟಿರುತ್ತಾರೆ. ಬೇಸಿಗೆಯಲ್ಲಿ ಹಳ್ಳಿಗಳಿಗೆ ನೀರು ಒಯ್ಯುವ ಟ್ಯಾಂಕರ್ ಚಾಲಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ದೇಶದ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎನ್ನುವುದು ಯೋಜನೆ ಹಾಕುವವರು ಇಟ್ಟುಕೊಂಡ ಅಳತೆ. ಕ್ಯಾರವಾನಿನಲ್ಲಿ ಅಷ್ಟು ನೀರಿನಲ್ಲಿ ನಾಲ್ಕು ಜನ ಎರಡು ದಿನ ಕಳೆಯಬೇಕಾಗುತ್ತದೆ. ಶವರ್ ಕೆಳಗೆ ಐದು ನಿಮಿಷ ನಿಂತರೆ 40–50 ಲೀಟರ್ ಹೋಯಿತು. ಒಂದು ಬಕೀಟು, ಒಂದು ಚರಗಿ ಇದ್ದರೆ 15 ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಹೊರದೇಶದ ಕ್ಯಾರವಾನಿಗರು ‘ಮೈ ಒದ್ದೆ ಮಾಡು, ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ನಲ್ಲಿ ಬಿಡು’ ಎಂಬ ಕ್ರಮವನ್ನು ನೌಕಾಪಡೆಯವರಿಂದ ಕಲಿತರು. ನಮ್ಮ ಬಚ್ಚಲಿಗೆ ಅದು ಹೊಸ ವಿದ್ಯೆಯಲ್ಲ.

ಇದನ್ನು ಬರೆಯುವಾಗ ಇನ್ನೊಂದು ಲೆಕ್ಕ ನೆನಪಾಗುತ್ತದೆ. ದಿನದ 24 ತಾಸೂ ನಲ್ಲಿಯಲ್ಲಿ ನೀರು ಬರಬೇಕು ಎಂಬ ಪ್ರಯೋಗ ರಾಜ್ಯದಲ್ಲಿ ಮೊದಲು ನಡೆದ ಊರುಗಳಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆ ಕಲಬುರಗಿಯೂ ಒಂದು. ವಿಶ್ವಬ್ಯಾಂಕಿನ ನೆರವಿನಲ್ಲಿ 2008ರ ಹೊತ್ತಿಗೆ ಆಯ್ದ ಕೆಲವು ಬಡಾವಣೆಗಳಿಗೆ ಮಾತ್ರ ಅದು ಸಿಕ್ಕಿತು. ಉಳಿದವರ ಮನೆ ಮೇಲೆ ಈಗಲೂ ಕರಿಯ ಟಾಕಿ ಕೂತಿದೆ.

ಆ ಟಾಕಿ ಕರಿ ಬಣ್ಣದ್ದೇ ಯಾಕೆ? ಬೆಳಕು ಒಳಗೆ ಹೋಗಬಾರದು ಎಂದು. ಬೆಳಕು ತೂರುವ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಹಸಿರು ಪಾಚಿ ಹಿಡಿಯುತ್ತದೆ. ಕ್ಯಾರವಾನಿನ ಹೊರಗೆ ಹೆಚ್ಚುವರಿ ಡಬ್ಬಿ ಕಟ್ಟುವವರು ಅದಕ್ಕೊಂದು ಗೋಣಿಚೀಲ ಸುತ್ತಿದರೂ ಸಾಕು.

ಪೈಪಿನ ಅಂಗಡಿಯ ಮಾತು ಹೀಗೆ ನಡೆಯುತ್ತದೆ:

‘ಪೈಪ್ ಯಾವುದಕ್ಕ ಬೇಕ್ರೀ ಅಣ್ಣಾರ?’

‘ಗಾಡಿ ಟಾಕಿಗಿ ನೀರು ತುಂಬ್ಸಾಕ.’

‘ಕುಡಿಯೋ ನೀರೇನ್ರಿ? ಹಂಗಿದ್ರ ಈ ತ್ವಾಟದ ಪೈಪ್ ಬ್ಯಾಡ್ರಿ, ವಾಸ್ನಿ ಬರ್ತದ.’

ಅಂಗಡಿಯವನ ಮಾತು ನಿಜ. ತೋಟದ ಪೈಪು ಕುಡಿಯುವ ನೀರಿಗೆಂದು ಮಾಡಿದ್ದಲ್ಲ. ಬಿಸಿಲಿಗೆ ಕಾದರೆ ಅದರ ವಾಸನೆ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನ ಪೈಪು ಬಿಳಿ ಅಥವಾ ನೀಲಿ, ಹೊಲಸು ಬಿಡುವ ಪೈಪು ಕಂದು ಅಥವಾ ಕಪ್ಪು ಎಂಬುದು ಕ್ಯಾರವಾನಿಗರ ರೂಢಿ. ಬಣ್ಣ ಬೇರೆ ಇದ್ದರೆ ಸಾಲದು, ಎರಡನ್ನೂ ಒಂದೇ ಡಿಕ್ಕಿಯಲ್ಲಿ ಸುತ್ತಿ ಇಡಲೂಬಾರದು. ನೀರಿನ ಪೈಪಿನ ತುದಿಗೆ ಒಂದು ಮುಚ್ಚಳ ಹಾಕುವುದು ಹತ್ತು ರೂಪಾಯಿಯ ಕೆಲಸ. ನಿಂತ ರೈಲಿಗೆ ನೀರು ತುಂಬುವಾಗ ಹಳಿಗಳ ನಡುವೆ ಬಾಯಿ ತೆರೆದು ಬಿದ್ದಿರುವ ಪೈಪನ್ನು ನೋಡಿದವರಿಗೆ ಆ ಮುಚ್ಚಳದ ಬೆಲೆ ತಿಳಿದೀತು. ಬೋಗಿಯ ನಲ್ಲಿ ನೀರು ಕುಡಿಯಲು ಅಲ್ಲವೇ ಅಲ್ಲ.

ತಿಂಗಳುಗಟ್ಟಲೆ ನಿಂತ ಗಾಡಿಯ ನೀರಿನ ಟಾಕಿಯನ್ನು ಶುದ್ಧ ಮಾಡುವ ಲೆಕ್ಕ ಸುಲಭ. ಬಟ್ಟೆಗೆ ಬಳಸುವ, ಸುವಾಸನೆ ಸೇರಿಸದ ಬ್ಲೀಚ್ ದ್ರಾವಣ ಶೇ 5ರಷ್ಟು ಗಟ್ಟಿಯಿದ್ದರೆ ಲೀಟರಿಗೆ ಒಂದು ಎಂ.ಎಲ್. ಸಾಕು. ತುಂಬಿಸಿ, ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವ ತನಕ ಬಿಟ್ಟು, ಕೆಲವು ತಾಸು ನಿಲ್ಲಿಸಿ, ಆಮೇಲೆ ವಾಸನೆ ಹೋಗುವ ತನಕ ಚೊಕ್ಕ ನೀರಲ್ಲಿ ತೊಳೆಯಬೇಕು. ಸಂಡಾಸು ತೊಳೆಯುವ ಆ್ಯಸಿಡ್ಡನ್ನು ಮಾತ್ರ ಬ್ಲೀಚ್ ಹತ್ತಿರ ತರಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕ್ಯಾರವಾನಿನ ಮೂರಡಿ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ರಾತ್ರಿ ಎಲ್ಲ ನಲ್ಲಿ ಬಂದ್ ಇದ್ದಾಗ ಪಂಪು ‘ಟಕ್’ ಎಂದು ಒಂದು ಕ್ಷಣ ಓಡಿ ನಿಂತರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಈ ಪಂಪುಗಳು ಕೊಳವೆಯ ಒತ್ತಡ ಇಳಿದಾಗ ತಾವಾಗಿ ಓಡುತ್ತವೆ. ಹುಡುಕುವುದನ್ನು ಮುಂಜಾನೆಗೆ ಮುಂದೂಡಿದರೆ ಮುಂಜಾನೆ ಮುಖ ತೊಳೆಯಲು ನೀರಿರುವುದಿಲ್ಲ.

ಇನ್ನು ಕಪ್ಪು ಟಾಕಿ. ಮೂಗು ಮುಚ್ಚಿಕೊಂಡು ಓದಬಹುದು, ಆದರೆ ಬಿಟ್ಟು ಹೋಗಬೇಡಿ. ಈ ವಿಷಯದ ನಿಜವಾದ ಜಾಣ್ಮೆ ಇರುವುದು ಇಲ್ಲೇ.

ಹೊಸದಾಗಿ ಕ್ಯಾರವಾನ್ ಕೊಂಡವರು ಯೋಚಿಸುವುದು ಹೀಗೆ: ಒಂದೇ ಕಡೆ ವಾರಗಟ್ಟಲೆ ಗಾಡಿ ನಿಲ್ಲಿಸಿ ಒಳಚರಂಡಿಗೆ ಪೈಪು ಜೋಡಿಸಿದ್ದೇವೆ, ಕವಾಟ ತೆಗೆದೇ ಇಟ್ಟರೆ ಹೋದದ್ದು ಹೋದ ಹಾಗೇ ಹರಿದು ಹೋಗುತ್ತದೆ, ಚಿಂತೆಯಿಲ್ಲ. ಆಗುವುದೇ ಬೇರೆ. ನೀರಷ್ಟೇ ಹರಿದು ಹೋಗುತ್ತದೆ, ಗಟ್ಟಿಯದು ಉಳಿಯುತ್ತದೆ. ಕಮೋಡಿನ ಸೀದಾ ಕೆಳಗೆ ಅದು ದಿನೇ ದಿನೇ ರಾಶಿಯಾಗಿ, ಒಣಗಿ, ಕಲ್ಲಾಗುತ್ತದೆ. ಆಮೇಲೆ ಅದನ್ನು ಕರಗಿಸಲು ದಿನಗಟ್ಟಲೆ ನೀರು ನೆನೆಹಾಕಬೇಕು. ಆದ್ದರಿಂದ ಕವಾಟ ಸದಾ ಮುಚ್ಚಿರಬೇಕು. ಟಾಕಿ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಆ ರಭಸವೇ ಗಟ್ಟಿಯದನ್ನೂ ಎಳೆದೊಯ್ಯುತ್ತದೆ. ಖಾಲಿ ಮಾಡಿದ ಕೂಡಲೆ ತಳ ಮುಳುಗುವಷ್ಟು ನೀರು ಹಾಕಿ ಮತ್ತೆ ಶುರು ಮಾಡಬೇಕು. ಇಲ್ಲಿ ನೀರು ಉಳಿಸಲು ಹೋದವನು ಕೆಡುತ್ತಾನೆ. ಬಚ್ಚಲಲ್ಲಿ ಜಿಪುಣತನ, ಸಂಡಾಸಿನಲ್ಲಿ ಧಾರಾಳತನ: ಕ್ಯಾರವಾನಿನ ಮನೆತನ ನಡೆಯುವುದು ಹೀಗೆ.

ಬರಿದು ಮಾಡುವ ಸರದಿಗೂ ಕಾರಣವಿದೆ. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಹಿಂದಿನಿಂದ ಬಂದು ಅದೇ ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಟಾಕಿ ಖಾಲಿಯಿದ್ದರೂ ಒಳಗಿನ ಸೂಚಕ ‘ಮುಕ್ಕಾಲು’ ಅಂತ ದೀಪ ತೋರಿಸುತ್ತದೆ. ಅದರ ಕೆಲಸ ಗೋಡೆಗೆ ಕೂರಿಸಿದ ಲೋಹದ ಮೊಳೆಗಳ ನಡುವೆ ವಿದ್ಯುತ್ ಹರಿಯುತ್ತದೋ ಇಲ್ಲವೋ ನೋಡುವುದು. ಮೊಳೆಗೆ ಒದ್ದೆ ಕಾಗದದ ಚೂರು ಅಂಟಿಕೊಂಡರೆ ಅದು ಹೇಳಿದ್ದೇ ಹೇಳುತ್ತದೆ. ಹಳಬರು ದೀಪ ನೋಡುವುದಿಲ್ಲ, ಟಾರ್ಚ್ ಹಿಡಿದು ಕಮೋಡಿನೊಳಗೆ ಇಣುಕುತ್ತಾರೆ.

ಕಾಗದದ ಚೂರು ಎಂದೆ. ನಾವು ನೀರು ಬಳಸುವವರು. ಟಾಕಿ ಬೇಗ ತುಂಬುತ್ತದೆ, ಆದರೆ ಕಟ್ಟುವುದು ಕಡಿಮೆ. ಕಾಗದ ಬೇಕೇ ಬೇಕು ಅನ್ನುವವರಿಗೆ ಒಂದು ಪರೀಕ್ಷೆ: ಬಾಟಲಿಯಲ್ಲಿ ನೀರು ಹಾಕಿ, ಎರಡು ಹಾಳೆ ಬಿಟ್ಟು ಕುಲುಕಿ. ಚೂರುಚೂರಾಗಿ ಕರಗಿದರೆ ಟಾಕಿಗೆ ಹೋಗಬಹುದು. ಮಗುವಿನ ಮೈ ಒರೆಸುವ ಒದ್ದೆ ಬಟ್ಟೆಯಂಥ ಹಾಳೆ ತಾಸುಗಟ್ಟಲೆ ಕುಲುಕಿದರೂ ಹಾಗೇ ಇರುತ್ತದೆ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಟಾಕಿಯಲ್ಲಿ ಐಸ್ ತುಂಡು ಹಾಕಿ ಗಾಡಿ ಓಡಿಸಿದರೆ ಗೋಡೆ ಉಜ್ಜಿ ಸ್ವಚ್ಛವಾಗುತ್ತದೆ ಎಂಬ ಉಪಾಯ ಹೊರದೇಶದಲ್ಲಿ ಜನಪ್ರಿಯ. ಐಸ್ ತೇಲುತ್ತದೆ, ಹೊಲಸು ತಳದಲ್ಲಿರುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಅದು ಕಮಲಾಪುರ ಮುಟ್ಟುವ ತನಕ ಉಳಿದರೆ ಹೇಳಿ.

ಸಂಡಾಸಿನ ಫ್ಯಾನ್ ಹಾಕಿಕೊಂಡೇ ಫ್ಲಷ್ ಮಾಡಿದರೆ ಟಾಕಿಯ ಗಾಳಿಯೆಲ್ಲ ಮೇಲೆದ್ದು ಕೋಣೆಗೆ ಬರುತ್ತದೆ. ಫ್ಯಾನ್ ನಿಲ್ಲಿಸಿ, ಫ್ಲಷ್ ಮಾಡಿ, ಮತ್ತೆ ಹಾಕಿ. ಬಚ್ಚಲಿನ ಕೊಳವೆ ಕೆಳಗೆ ಬಾಗಿ ಮೇಲೆದ್ದಿರುತ್ತದಲ್ಲ, ಆ ಬಾಗಿನಲ್ಲಿ ನಿಂತ ನೀರೇ ವಾಸನೆಗೆ ಬಾಗಿಲು. ಬೇಸಿಗೆಯಲ್ಲಿ ಗಾಡಿ ನಿಂತೇ ಇದ್ದರೆ ಅದು ಆರಿಹೋಗುತ್ತದೆ. ಒಂದು ಲೋಟ ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ತಡವಾಗುತ್ತದೆ. ರಜೆಗೆ ಮನೆಗೆ ಬೀಗ ಹಾಕಿ ಹೋಗುವವರಿಗೂ ಇದು ಬಳಕೆಗೆ ಬರುತ್ತದೆ.

ಗಾಲಿ ಮೇಲಿನ ಸಂಡಾಸನ್ನು ನಮ್ಮಲ್ಲಿ ಎಲ್ಲರಿಗೂ ಪರಿಚಯಿಸಿದ್ದು ರೈಲು. ಮುಂಬಯಿ ಕಡೆಯಿಂದ ಬಂದ ಹಳಿ ಕಲಬುರಗಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡದ್ದು 1871ರಲ್ಲಿ. ಆಗ ಬೋಗಿಗಳಲ್ಲಿ ಸಂಡಾಸೇ ಇರಲಿಲ್ಲ. ಕೆಳದರ್ಜೆಯವರಿಗೆ ಅದು ಬರಲು ಇನ್ನೂ ದಶಕಗಳು ಹಿಡಿದವು. ಬಂಗಾಳಿ ಪ್ರಯಾಣಿಕ ಓಖಿಲ್ ಚಂದ್ರ ಸೇನ್ 1909ರಲ್ಲಿ ಸಾಹಿಬ್‌ಗಂಜ್‌ನ ರೈಲ್ವೆ ಕಚೇರಿಗೆ ಬರೆದ ದೂರಿನ ಪತ್ರವೇ ಅದಕ್ಕೆ ಕಾರಣ ಎಂದು ಹೇಳುತ್ತಾರೆ; ಆತ ಶೌಚಕ್ಕೆ ಹೋಗಿ ಬರುವಷ್ಟರಲ್ಲಿ ಗಾರ್ಡು ಸೀಟಿ ಊದಿ ರೈಲು ಹೊರಡಿಸಿದ್ದನಂತೆ.

ಸಂಡಾಸು ಬಂತು, ಟಾಕಿ ಬರಲಿಲ್ಲ. ನೂರು ವರ್ಷ ಎಲ್ಲವೂ ನೇರ ಹಳಿ ಮೇಲೆ. ‘ನಿಲ್ದಾಣದಲ್ಲಿ ರೈಲು ನಿಂತಾಗ ಬಳಸಬೇಡಿ’ ಎಂಬ ಫಲಕ ನೆನಪಿದೆಯಲ್ಲ? ಬಿದ್ದದ್ದು ಹಳಿಯ ಕಬ್ಬಿಣವನ್ನು, ಅದನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ತಿಂದುಹಾಕುತ್ತಿತ್ತು. ರೈಲ್ವೆಗೆ ಆ ಖರ್ಚು ಕಾಣಿಸಿತು. ಅದನ್ನು ಗುಡಿಸಿ ತೆಗೆಯುತ್ತಿದ್ದವರು ಕಾಣಿಸಲು ಇನ್ನೂ ತಡವಾಯಿತು. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಹುಟ್ಟಿ, ಮಲ ಹೊರುವ ಪದ್ಧತಿಯ ವಿರುದ್ಧ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹೇಳುತ್ತ ಬಂದದ್ದು ಇವರ ಬಗ್ಗೆಯೇ. 2013ರ ಕಾಯ್ದೆ ರೈಲು ಹಳಿಯನ್ನು ಹೆಸರಿಸಿಯೇ ಈ ಕೆಲಸವನ್ನು ನಿಷೇಧಿಸಿತು. ಆದರೆ ಸರ್ಕಾರ ಸೂಚಿಸಿದ ಸಲಕರಣೆ, ರಕ್ಷಣಾ ಉಡುಪು ಕೊಟ್ಟು ಮಾಡಿಸಿದರೆ ಅದು ಮಲ ಹೊರುವ ಕೆಲಸದ ವ್ಯಾಖ್ಯೆಯೊಳಗೆ ಬರದು ಎಂಬ ವಿವರಣೆಯನ್ನೂ ಅದೇ ಕಾಯ್ದೆ ಸೇರಿಸಿಕೊಂಡಿದೆ. ಬಾಗಿಲು ಮುಚ್ಚಿ ಕಿಟಕಿ ತೆರೆದ ಕಾನೂನು.

ಹಾಗಾಗಿ ಬೋಗಿಯಡಿಯ ಟಾಕಿ ಸಣ್ಣ ಸಂಗತಿಯಲ್ಲ. ಅತಿ ಚಳಿಯ ಎತ್ತರದ ಗಡಿಯಲ್ಲಿ ಕಾವಲಿರುವ ಸೈನಿಕರ ಮಲ ಹಿಮದಲ್ಲಿ ಕೊಳೆಯದೆ ಹಾಗೇ ಉಳಿಯುತ್ತದೆ ಎಂಬ ತಲೆನೋವಿಗೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ ಹುಡುಕಿದ ಮದ್ದು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ. ಅದೇ ಬ್ಯಾಕ್ಟೀರಿಯಾ 2011ರಲ್ಲಿ ಗ್ವಾಲಿಯರ್–ವಾರಾಣಸಿ ನಡುವಿನ ಬುಂದೇಲಖಂಡ ಎಕ್ಸ್‌ಪ್ರೆಸ್ ಏರಿತು. ಟಾಕಿಯೊಳಗೆ ಸಾಲು ಕೋಣೆಗಳು. ಮಲ ಒಂದರಿಂದ ಒಂದಕ್ಕೆ ಸರಿಯುತ್ತ ನೀರು, ಮೀಥೇನ್, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕೊನೆಗೆ ಕ್ಲೋರಿನ್ ತಾಗಿದ ನೀರು ಹಳಿಗೆ ತೊಟ್ಟಿಕ್ಕುತ್ತದೆ. ಕಮಲಾಪುರದ ಮೇಲೆ ಹಾಯುವ ಬೀದರ್–ಕಲಬುರಗಿ ಹಳಿ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ ದೇಶದ ಬೋಗಿಗಳಿಗೆಲ್ಲ ಈ ಟಾಕಿ ಜೋಡಿಸುವ ಕೆಲಸ ಭರದಿಂದ ಸಾಗಿತ್ತು. ಈಗ ಅದರ ಸಂಖ್ಯೆ ಎರಡೂವರೆ ಲಕ್ಷ ದಾಟಿದೆ.

ಬ್ಯಾಕ್ಟೀರಿಯಾ ಏನೆಲ್ಲ ತಿನ್ನುತ್ತದೆ, ಗುಟ್ಕಾ ಚೀಟಿ ಮಾತ್ರ ತಿನ್ನುವುದಿಲ್ಲ. ಪ್ಲಾಸ್ಟಿಕ್ ಬಾಟಲಿ, ಚಹಾ ಕಪ್ಪು, ಬಟ್ಟೆ ತುರುಕಿ ಸಂಡಾಸು ಕಟ್ಟುವುದನ್ನು 2017ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯೇ ಎತ್ತಿ ತೋರಿಸಿತ್ತು. ವಿಮಾನ ಹತ್ತಿದ ಮಾತ್ರಕ್ಕೆ ಬುದ್ಧಿ ಬರುತ್ತದೆ ಎಂದೇನಿಲ್ಲ. 2025ರ ಮಾರ್ಚ್‌ನಲ್ಲಿ ಷಿಕಾಗೊದಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ಹಿಂದಿರುಗಿತು. ಹೆಚ್ಚಿನ ಸಂಡಾಸುಗಳು ಕಟ್ಟಿಹೋಗಿದ್ದವು. ಕೊಳವೆಯಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ಚೀಲ, ಬಟ್ಟೆ.

ಕಲಬುರಗಿಯಿಂದ ಬೆಂಗಳೂರಿಗೆ 2024ರ ಮಾರ್ಚ್‌ನಿಂದ ಓಡುತ್ತಿರುವ ವಂದೇ ಭಾರತ್‌ನಲ್ಲಿ ಫ್ಲಷ್ ಒತ್ತಿದಾಗ ‘ಭುಸ್’ ಎಂದು ಬೆಚ್ಚಿಬೀಳಿಸುವ ಸದ್ದು ಕೇಳಿದ್ದೀರಾ? ಅದು ನಿರ್ವಾತದ ಎಳೆತ. ಹಳೆಯ ಸಂಡಾಸಿಗೆ ಹತ್ತು ಲೀಟರಿಗೂ ಹೆಚ್ಚು ನೀರು ಬೇಕಾಗುತ್ತಿದ್ದಲ್ಲಿ ಇದಕ್ಕೆ ಅರ್ಧ ಲೀಟರಿನ ಆಸುಪಾಸು ಸಾಕು. ವಿದ್ಯೆ ಬಂದದ್ದು ವಿಮಾನದಿಂದ. ಅಮೆರಿಕದ ಜೇಮ್ಸ್ ಕೆಂಪರ್ 1975ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಬೋಯಿಂಗ್ 1982ರಲ್ಲಿ ಅಳವಡಿಸಿತು.

ವಿಮಾನದಲ್ಲೂ ಬೂದು ನೀರು ಬೇರೆ, ಕಪ್ಪು ನೀರು ಬೇರೆ. ನೀವು ಕೈ ತೊಳೆದ ನೀರು ಹೆಚ್ಚಿನ ವಿಮಾನಗಳಲ್ಲಿ ಕಾಯಿಸಿದ ಕೊಳವೆಯೊಂದರಿಂದ ಆಕಾಶಕ್ಕೇ ಹೋಗಿ ತುಂತುರಾಗುತ್ತದೆ. ಸಂಡಾಸಿನ ಟಾಕಿಯನ್ನು ಹಾರುವಾಗ ಒಳಗಿನಿಂದ ತೆರೆಯಲು ಬರುವುದಿಲ್ಲ, ನೆಲದಲ್ಲಿ ಹೊರಗಿನಿಂದಷ್ಟೇ ಬಿಚ್ಚಬೇಕು. ಹಾಗಿದ್ದೂ ದೆಹಲಿಯ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆ ಮೇಲೆ ಹೊಲಸು ಬಿತ್ತೆಂಬ ದೂರಿನ ಮೇಲೆ, ಹಾಗೆ ಸುರಿಸಿದರೆ ವಿಮಾನ ಸಂಸ್ಥೆಗೆ 50,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು.

ಬಸ್ಸಿನ ಟಾಕಿ ಜನರ ತಲೆ ಮೇಲೆ ಸುರಿದ ಪ್ರಸಂಗ ನಿಜಕ್ಕೂ ನಡೆದಿದೆ. 2004ರ ಆಗಸ್ಟ್ 8ರಂದು ಷಿಕಾಗೊ ನದಿಯ ಸೇತುವೆ ದಾಟುತ್ತಿದ್ದ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಬಸ್ಸಿನ ಚಾಲಕ ಅಲ್ಲೇ ಕವಾಟ ತೆರೆದ. ಸೇತುವೆಯ ನೆಲ ಕಬ್ಬಿಣದ ಜಾಲರಿ. ಕೆಳಗೆ ಹಾಯುತ್ತಿತ್ತು ತೆರೆದ ಪ್ರವಾಸಿ ದೋಣಿ. ಸುಮಾರು 360 ಕೆ.ಜಿ. ಬಿದ್ದಿತು, ಬ್ಯಾಂಡ್ 2 ಲಕ್ಷ ಡಾಲರ್ ತೆತ್ತು ಮೊಕದ್ದಮೆ ಮುಗಿಸಿತು.

ನಮ್ಮ ಬಸ್ಸಿನ ಕಥೆ ಇದಕ್ಕಿಂತ ಮರ್ಯಾದೆಯದು. ಓಡಿ ಸವೆದ ಕೆಎಸ್‌ಆರ್‌ಟಿಸಿ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿ 2020ರ ಆಗಸ್ಟಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿದರು. ಮಗುವಿಗೆ ಹಾಲೂಡಿಸುವ ಜಾಗವೂ ಅದರಲ್ಲಿತ್ತು. ಹೆಸರು ‘ಸ್ತ್ರೀ ಶೌಚಾಲಯ’. ಇಂಥದ್ದೊಂದು ಪ್ರತಿ ದೊಡ್ಡ ಪೇಟೆಗೂ ಬೇಕು. ಸೂಪರ್ ಮಾರ್ಕೆಟ್‌ನಂಥ ಗದ್ದಲದ ಕಡೆ ದಿನವಿಡೀ ವ್ಯಾಪಾರ ಮಾಡುವ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ.

 

ರಾಜ್ಯದ 2020–25ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತು. ಕೇರಳ 2021ರಲ್ಲಿ ಅದಕ್ಕೆಂದೇ ಬೇರೆ ನೀತಿ ತಂದು, ಗಾಡಿಯ ಜೊತೆಗೆ ಅದು ನಿಲ್ಲುವ ಪಾರ್ಕನ್ನೂ ಸೇರಿಸಿತು. ನನ್ನ ಮಟ್ಟಿಗೆ ಮೊದಲು ಆಗಬೇಕಾದ್ದು ಪಾರ್ಕೇ. ಗಾಡಿ ದುಡ್ಡು ಕೊಟ್ಟರೆ ಬರುತ್ತದೆ. ತುಂಬಿದ ಟಾಕಿ ತಗೊಂಡು ಎಲ್ಲಿಗೆ ಹೋಗುವುದು?

ಕಮಲಾಪುರದ ದಾರಿಯಲ್ಲಿ ಕುರಿಕೋಟಾ ಸೇತುವೆ ಸಿಗುತ್ತದೆ, ಕೆಳಗೆ ಬೆಣ್ಣೆತೊರಾ. ‘ಯಾರ್ ನೋಡ್ತಾರ ಬಿಡ್ರಿ’ ಎಂದು ಅಲ್ಲಿ ಕವಾಟ ತಿರುಗಿಸಿದವರು ತಿಳಿದಿರಲಿ: ಕಲಬುರಗಿ ಕುಡಿಯುವ ನೀರಿನ ಮೂಲಗಳಲ್ಲಿ ಅದೂ ಒಂದು. ಬೆಣ್ಣೆತೊರಾ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ರಸ್ತೆ ಬದಿಯ ಗಟಾರವೂ ಒಳಚರಂಡಿಯಲ್ಲ, ಅದು ಮಳೆನೀರಿನ ದಾರಿ. ಕೊನೆಗೆ ಮುಟ್ಟುವುದು ಯಾವುದಾದರೊಂದು ಹಳ್ಳವನ್ನೇ.

ಸೆಪ್ಟಿಕ್ ಟ್ಯಾಂಕಿನ ಹೊಲಸನ್ನೇ ಶುದ್ಧೀಕರಿಸುವ ಘಟಕವನ್ನು ಇಡೀ ಊರಿನ ಮಟ್ಟದಲ್ಲಿ ದೇಶದಲ್ಲೇ ಮೊದಲು ಕಟ್ಟಿದ್ದು ನಮ್ಮ ದೇವನಹಳ್ಳಿ, 2015ರಲ್ಲಿ. ಇಂಥ ಘಟಕ ಹತ್ತಿರವಿದ್ದರೆ ಕ್ಯಾರವಾನಿಗೂ ಅದೇ ಸರಿಯಾದ ತಾಣ. ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಯವರನ್ನು ಕರೆಸಬೇಕು. ಅದಕ್ಕೆಂದೇ 14420 ಎಂಬ ಸಹಾಯವಾಣಿ ಇದೆ. ಟಾಕಿಯೊಳಗೆ ಮನುಷ್ಯನನ್ನು ಇಳಿಸುವುದು ಅಪರಾಧ.

ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿಯುವ ಮೊದಲು ಒಂದು ಮಾತು. ಕಪ್ಪು ಟಾಕಿಗೆ ಹಾಕುವ ಹಳೆಯ ಕಾಲದ ನೀಲಿ ಔಷಧಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಅದು ವಾಸನೆ ನಿಲ್ಲಿಸುವುದು ಬ್ಯಾಕ್ಟೀರಿಯಾ ಕೊಂದು. ರೈಲಿನ ಟಾಕಿ ಬ್ಯಾಕ್ಟೀರಿಯಾ ಸಾಕುತ್ತದೆ, ಈ ಟಾಕಿ ಕೊಲ್ಲುತ್ತದೆ. ಮನೆಯ ಗುಂಡಿಗೆ ಸುರಿದರೆ ಅಲ್ಲಿಯದೂ ಸಾಯುತ್ತದೆ. ಎನ್‌ಜೈಮ್ ಆಧರಿಸಿದ ಔಷಧ ಕೇಳಿ ತಗೊಳ್ಳಿ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಹಣ್ಣು ಹೇಗೂ ತಿನ್ನುತ್ತೀರಿ, ತೋಟದವರನ್ನು ಕೇಳಿ ನಾಲ್ಕು ಎಲೆಯನ್ನೂ ತನ್ನಿ. ಎಲೆಯಲ್ಲಿ ಉಂಡರೆ ತಾಟು ತೊಳೆಯುವ ಗೋಜಿಲ್ಲ, ಬೂದು ಟಾಕಿ ಒಂದು ದಿನ ಹೆಚ್ಚಿಗೆ ಬರುತ್ತದೆ.

ಸಣ್ಣ ಕ್ಯಾರವಾನುಗಳಲ್ಲಿ ಕಪ್ಪು ಟಾಕಿಯ ಬದಲು ಸೂಟ್‌ಕೇಸಿನಂತೆ ಎಳೆದು ತೆಗೆಯುವ ಸುಮಾರು 20 ಲೀಟರಿನ ಕ್ಯಾಸೆಟ್ ಇರುತ್ತದೆ. ಹಿಡಿಕೆಯ ಪಕ್ಕದಲ್ಲೊಂದು ಗುಂಡಿ ಇದೆ, ಗಾಳಿ ಒಳಗೆ ಹೋಗಲು. ಸುರಿಯುವಾಗ ಹೆಬ್ಬೆರಳಲ್ಲಿ ಅದನ್ನು ಒತ್ತಿಯೇ ಹಿಡಿದಿರಬೇಕು, ಆಗ ಒಂದೇ ಧಾರೆಯಾಗಿ ಇಳಿಯುತ್ತದೆ. ಒತ್ತದೆ ಬಗ್ಗಿಸಿದರೆ ಗಳಗಳ ಎಂದು ಉಗ್ಗುತ್ತ ಚಿಮ್ಮುತ್ತದೆ, ಹೆಚ್ಚಾಗಿ ಮೊಣಕಾಲಿನ ಎತ್ತರಕ್ಕೆ.